ದಣಿವನ್ನು ಅರಿಯುವ ವೈಯಾವೃತ್ಯ

ದಶಲಕ್ಷಣ ಪರ್ವದ ದಿನಗಳವು. ಬೈಲಹೊಂಗಲದ ನಮ್ಮ ಮನೆಯಲ್ಲಿ ಅಕ್ಕ ಕ್ಯಾನ್ಸರಿನ ಕೀಮೋಥೆರಪಿ ಪಡೆದು ಮಲಗಿದ್ದಳು. "ಸ್ವಲ್ಪ ಧೈರ್ಯಾ ಮಾಡಬೇಕವಾ ಅಕ್ಕಾ, ಬಸದಿ ತನಕಾರ ನಡದು ಬಾ" ಎಂದೆ. "ನಿದ್ದಿ ಮಾಡಿ ಎದ್ದರೂ ದಣಿವು ಹೋಗವಲ್ದು ತಮ್ಮಾ" ಎಂದಷ್ಟೇ ಹೇಳಿ ಆಕೆ ಗೋಡೆಯತ್ತ ಹೊರಳಿದಳು.

ಮರುದಿನ ಸವದತ್ತಿ, ರಾಮದುರ್ಗಗಳ ಬಂಧುಗಳಿಂದ ಕೋಣೆ ತುಂಬಿತು. ಅಂದು ಸಂಜೆ ಆಕೆಗೆ ಚಳಿ ಹತ್ತಿ, ಜ್ವರ 101 ಡಿಗ್ರಿ ಫ್ಯಾರನ್‌ಹೀಟ್ ದಾಟಿತು. ನಾನು ಜ್ವರದ ಗುಳಿಗೆ ಕೊಟ್ಟು ಬೆಳಗಾಗಲೆಂದು ಕಾದೆ. ಬೆಳಗಿನ ಜಾವ ಆಕೆಗೆ ಎಚ್ಚರ ತಪ್ಪತೊಡಗಿದಾಗ ಕಿತ್ತೂರಿನ ಮಾರ್ಗವಾಗಿ ಹುಬ್ಬಳ್ಳಿಗೆ ಧಾವಿಸಿದೆವು.

ಕೀಮೋಥೆರಪಿಯ ಔಷಧವು ಅಸ್ಥಿಮಜ್ಜೆಯಲ್ಲಿ ಹುಟ್ಟುವ ರಕ್ತಕಣಗಳನ್ನೂ ಕುಗ್ಗಿಸುತ್ತದೆಂದು ವೈದ್ಯರು ತಿಳಿಸಿದರು. ಸಾಮಾನ್ಯವಾಗಿ 7ರಿಂದ 14 ದಿನಗಳಲ್ಲಿ ಸೋಂಕನ್ನು ತಡೆಯುವ ಬಿಳಿಯ ಕಣಗಳು ತೀರ ಇಳಿಯುತ್ತವೆ. ನ್ಯೂಟ್ರೋಫಿಲ್ ಎಂಬ ಕಣಗಳು ಒಂದು ಮೈಕ್ರೋಲೀಟರಿಗೆ 500ಕ್ಕಿಂತ ಕಡಿಮೆಯಾದಾಗ ಬರುವ ಜ್ವರ ಪ್ರಾಣಾಂತಿಕವಾಗಬಹುದು. ಆಸ್ಪತ್ರೆ ಸೇರಿದ ಒಂದು ಗಂಟೆಯೊಳಗೆ ಪ್ರತಿಜೀವಕ ಔಷಧ ಆರಂಭವಾಗಬೇಕು. ನಾನು ಕೊಟ್ಟ ಗುಳಿಗೆ ಜ್ವರವನ್ನು ಮರೆಮಾಡಿತ್ತೇ ಹೊರತು ಸೋಂಕನ್ನಲ್ಲ.

ಕೆಂಪು ಕಣಗಳು ಕುಗ್ಗಿದರೆ ದೇಹಕ್ಕೆ ಪ್ರಾಣವಾಯು ಸಾಲದು. ಅದರೊಡನೆ ಜ್ವರ, ಅರೆನಿದ್ರೆ, ಅನ್ನ ಸೇರದಿರುವಿಕೆಗಳು ಕೂಡಿದರೆ ವಿಶ್ರಾಂತಿಯಿಂದಲೂ ನೀಗದ ದಣಿವು ಉಂಟಾಗುತ್ತದೆ. ಅದು ಸೋಮಾರಿತನವಲ್ಲ, ಅಧೈರ್ಯವೂ ಅಲ್ಲ. ಜ್ವರವಿಳಿದ ಮೇಲೂ ತಿಂಗಳುಗಟ್ಟಲೆ ಉಳಿಯಬಹುದು.

ಅಕ್ಕ ಬದುಕಿದಳು. ಆದರೆ ಉಪವಾಸ ಮಾಡಲಾಗಲಿಲ್ಲ, ರಾತ್ರಿ ಔಷಧ ಸೇವಿಸಬೇಕಾಯಿತು ಎಂದು ಆಕೆ ಕೊರಗುತ್ತಿದ್ದಳು. ಷೋಡಶ ಭಾವನೆಗಳಲ್ಲಿ ಶಕ್ತಿಗೆ ತಕ್ಕ ತಪವೂ ಇದೆ, ವೈಯಾವೃತ್ಯವೂ ಇದೆ. ತಪದಲ್ಲಿ ಆಕೆಯ ಶಕ್ತಿಯನ್ನು ಅಳೆಯಲು ಹೊರಟ ನಾನು ನನ್ನ ಪಾಲಿನ ವೈಯಾವೃತ್ಯವನ್ನು ಮರೆತಿದ್ದೆ. ಅರಿಯದೆ ಆಡಿದ ನನ್ನ ಮಾತು ಪ್ರಮಾದ. ಪ್ರಮಾದವೇ ಹಿಂಸೆಯ ಬಾಗಿಲು.

ರೋಗಿಯಿರುವ ಮನೆಯಲ್ಲಿ ಥರ್ಮಾಮೀಟರ್ ಇರಲಿ. ಕೀಮೋಥೆರಪಿಯ ನಂತರ ಜ್ವರ 100.4 ಡಿಗ್ರಿ ಮುಟ್ಟಿದರೆ, ನಡುರಾತ್ರಿಯಾದರೂ ವೈದ್ಯರಿಗೆ ತಿಳಿಸಿ ಹೊರಡಬೇಕು. ನೆಗಡಿ, ಕೆಮ್ಮು ಇದ್ದವರು ನೋಡಲು ಹೋಗದಿರುವುದೇ ಉಪಕಾರ. ನಮ್ಮ ಬಸದಿಗಳ ಟ್ರಸ್ಟಿನವರು ಅಂಥ ರಾತ್ರಿಗೊಂದು ವಾಹನದ ವ್ಯವಸ್ಥೆ ಮಾಡಿದರೆ ಅದು ಔಷಧದಾನಕ್ಕೆ ಸಮಾನವಾದೀತು.

ಮರುವರ್ಷ ಅಕ್ಕ ಬಸದಿಗೆ ನಡೆದೇ ಬಂದಳು. ದಾರಿಯಲ್ಲಿ ಎರಡು ಸಲ ಕುಳಿತಳು. ನಾನೂ ಏನನ್ನೂ ಹೇಳದೆ ಪಕ್ಕದಲ್ಲಿ ಕುಳಿತೆ.