ಅಳಿಸಿಹೋದ ತೆಂಗಿನ ಮರ

ಕಳೆದ ವರ್ಷ ರಾಜ್ಯೋತ್ಸವದ ಹೊತ್ತಿಗೆ ನಮ್ಮ ಶಾಲೆಯಲ್ಲಿ ಪ್ರಬಂಧ, ಭಾಷಣಗಳ ಜೊತೆಗೆ ಒಂದು ಛಾಯಾಚಿತ್ರ ಸ್ಪರ್ಧೆಯನ್ನೂ ಇಟ್ಟೆವು. ವಿಷಯ ಸರಳವಾದದ್ದೇ: ನಮ್ಮೂರಿನ ಒಂದು ನೋಟ. ಮನೆಯಲ್ಲಿ ಯಾರದಾದರೂ ಫೋನು ಹಿಡಿದು ಒಂದೇ ಒಂದು ಚಿತ್ರ ತೆಗೆದು, ಪ್ರಿಂಟು ಹಾಕಿಸಿ ತರಬೇಕು. ಭಾಷಣ ಎಂದೊಡನೆ ಹಿಂದಿನ ಬೆಂಚಿಗೆ ಸರಿಯುವ ಹುಡುಗರೂ ಇದಕ್ಕೆ ಹೆಸರು ಕೊಟ್ಟರು. ವಿಜ್ಞಾನದ ಮೇಷ್ಟ್ರು, ಹಿಂದೊಮ್ಮೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ತಿರುಗಿದವರು ಎಂಬ ಕಾರಣಕ್ಕೆ ತೀರ್ಪುಗಾರಿಕೆ ನನ್ನ ಕೊರಳಿಗೆ ಬಿತ್ತು.

ಬಂದ ಚಿತ್ರಗಳಲ್ಲಿ ಒಂದು ಎಲ್ಲರ ಕಣ್ಣು ಸೆಳೆಯಿತು. ಒಂಬತ್ತನೇ ತರಗತಿಯ ಹುಡುಗನೊಬ್ಬ ತನ್ನ ಮನೆಯ ತೋಟದಲ್ಲಿ ತೆಗೆದದ್ದು. ಮುಳುಗುವ ಸೂರ್ಯನ ಕೆಂಪು, ಹಚ್ಚಹಸಿರು ತೆಂಗಿನ ಸಾಲು, ಸಾಲಿನ ಹಿಂದೆ ಹಿತ್ತಾಳೆ ತಟ್ಟೆಯಂಥ ಹುಣ್ಣಿಮೆ ಚಂದ್ರ. ಸ್ಟಾಫ್ ರೂಮಿನಲ್ಲಿ ಎಲ್ಲರೂ ‘ಕ್ಯಾಲೆಂಡರಿಗೆ ಹಾಕಬಹುದು’ ಎಂದರು. ನಾನೂ ಹಿಂಬದಿಯಲ್ಲಿ ಪೆನ್ಸಿಲಿನಿಂದ ‘ಪ್ರಥಮ’ ಎಂದು ಬರೆದೇಬಿಟ್ಟಿದ್ದೆ.

ಆ ಪೆನ್ಸಿಲ್ ಗುರುತನ್ನು ಅಳಿಸುವಂತೆ ಮಾಡಿದವರು ಹುಡುಗನ ತಂದೆ. ಯಾವುದೋ ಸರ್ಟಿಫಿಕೇಟಿನ ಕೆಲಸಕ್ಕೆ ಶಾಲೆಗೆ ಬಂದಿದ್ದರು. ಮಗನ ಚಿತ್ರ ಕಂಡರೆ ಹಿಗ್ಗುತ್ತಾರೆಂದು ಮುಂದೆ ಹಿಡಿದೆ. ಅವರು ಕಣ್ಣು ಕಿರಿದು ಮಾಡಿ, ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಚೆನ್ನಾಗೈತೆ ಮೇಷ್ಟ್ರೇ. ಇದ್ಯಾರ ತೋಟ?”

“ಯಾರದೇನ್ರೀ, ನಿಮ್ಮದೇ!”

“ನಮ್ದಾ? ನಮ್ ತೋಟದಾಗೆ ಇಷ್ಟು ಹಸಿರು ಎಲ್ಲೈತೆ? ಮೂರನೇ ಸಾಲಿನಾಗೆ ಬೋಳು ಮರ ಇರಬೇಕಿತ್ತಲ್ಲ, ನಮ್ಮಪ್ಪ ಇಟ್ಟಿದ್ದು. ಅದೇ ಇಲ್ಲ.”

ಬೋಳು ಮರ ಎಂದರೇನೆಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಒಂದು ಮಾತು. ತೆಂಗಿಗೆ ಇರುವುದು ಒಂದೇ ಸುಳಿ. ಮಾವು, ಬೇವುಗಳಂತೆ ಒಂದು ಕಡೆ ಮುರಿದರೆ ಇನ್ನೊಂದು ಕಡೆ ಚಿಗುರುವ ಭಾಗ್ಯ ಅದಕ್ಕಿಲ್ಲ. ಸುಳಿ ಹೋಯಿತೋ, ಮರ ಹೋಯಿತು. 2012ರಿಂದೀಚೆಗೆ ಒಂದರ ಹಿಂದೊಂದು ಬಂದ ಬರಗಳಲ್ಲಿ ಕೊಳವೆಬಾವಿ ಬತ್ತಿ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ಎಷ್ಟೋ ತೋಟಗಳಲ್ಲಿ ಮರಗಳು ತಲೆ ಕಳೆದುಕೊಂಡು ಲೈಟು ಕಂಬಗಳಂತೆ ನಿಂತವು. ಅದು ಸಾಲದೆಂಬಂತೆ, 2016ರಲ್ಲಿ ತಮಿಳುನಾಡಿನ ಪೊಳ್ಳಾಚಿ ಕಡೆ ಕಾಣಿಸಿಕೊಂಡ ಸುರುಳಿ ಬಿಳಿನೊಣ ನಮ್ಮಲ್ಲಿಗೂ ಬಂತು. ಅದು ಗರಿಯ ಅಡಿಯಲ್ಲಿ ಕೂತು ರಸ ಹೀರುತ್ತದೆ. ಅದರ ಮೈಯಿಂದ ಒಸರುವ ಸಿಹಿ ಅಂಟು ಕೆಳಗಿನ ಗರಿಗಳ ಮೇಲೆ ಬಿದ್ದು, ಅಲ್ಲಿ ಕಾಡಿಗೆಯಂಥ ಬೂಷ್ಟು ಬೆಳೆಯುತ್ತದೆ. ಎಲೆಗೆ ಬಿಸಿಲು ತಾಗದಂತಾಗುತ್ತದೆ. ಈ ಕಪ್ಪನ್ನು ನೋಡಿ ನೋಡಿ ದಣಿದ ಕಣ್ಣುಗಳಿಗೆ ಮಗನ ಚಿತ್ರದ ಹಸಿರು ಪರರ ಆಸ್ತಿಯಂತೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಹುಡುಗನನ್ನು ಕರೆಸಿದೆ. ಅವನಿಗೆ ಭಯವೇನೂ ಇರಲಿಲ್ಲ.

“ಸಾರ್, ಆ್ಯಪಿನಲ್ಲಿ ಎಐ ಐತಲ್ಲ. ಬೋಳು ಮರದ ಸುತ್ತ ಬೆರಳಲ್ಲಿ ಗೆರೆ ಎಳೆದೆ, ಹೋಯ್ತು. ಅಲ್ಲಿಗೆ ಬೇರೆ ಮರ ಅದೇ ಹಾಕ್ತು. ಗರಿ ಹಸಿರು ಮಾಡು ಅಂದೆ, ಮಾಡ್ತು. ಆಕಾಶ ಬದಲಾಯಿಸಿದೆ. ಅದರ ಜೊತೆ ಚಂದ್ರ ಫ್ರೀ ಸಾರ್.”

“ಇದು ಸುಳ್ಳು ಅನ್ನಿಸಲಿಲ್ಲವೇನೋ?” ಎಂದೆ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: “ನಿಮ್ಮ ಗುಡ್ಡದ ಫೋಟೋ ತೋರಿಸಿದಾಗ ನೀವೇ ಹೇಳಿದ್ರಲ್ಲ ಸಾರ್, ಲೈಟು ಕಂಬ ಬರಬಾರದು ಅಂತ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ ತೆಗೆದೆ ಅಂತ. ನೀವು ಕಾಲಲ್ಲಿ ತೆಗೆದ್ರಿ, ನಾನು ಬೆರಳಲ್ಲಿ ತೆಗೆದೆ. ಏನು ವ್ಯತ್ಯಾಸ?”

ಮೂವತ್ತು ವರ್ಷದ ನೌಕರಿಯಲ್ಲಿ ಇಂಥ ಪ್ರಶ್ನೆಗಳು ಬೆರಳೆಣಿಕೆಯಷ್ಟು ಬಂದಿವೆ. ಇಂಥ ಸಂಕಟದಲ್ಲಿ ಮೇಷ್ಟ್ರುಗಳಿಗೆ ಇರುವ ಹಳೆಯ ಆಸರೆಯನ್ನೇ ನಾನೂ ಹಿಡಿದೆ. “ನಾಳೆ ಹೇಳ್ತೀನಿ, ಕ್ಲಾಸಿಗೆ ಹೋಗು” ಎಂದೆ.

ಅವನ ಮಾತಿನಲ್ಲಿ ಸತ್ಯಾಂಶವಿಲ್ಲದಿರಲಿಲ್ಲ. ಛಾಯಾಚಿತ್ರ ಎಂದೂ ಬರೀ ಸತ್ಯವಾಗಿರಲಿಲ್ಲ. ನಮ್ಮ ಅಪ್ಪ ಅಮ್ಮಂದಿರು ಸ್ಟುಡಿಯೋದಲ್ಲಿ ತಾಜ್ ಮಹಲಿನ ಪರದೆಯ ಮುಂದೆ ನಿಂತು ತೆಗೆಸಿಕೊಂಡವರೇ. ಆದರೆ ಅದು ಪರದೆ ಎಂದು ನೋಡುವವರಿಗೆಲ್ಲ ಗೊತ್ತಿತ್ತು. ಅಲ್ಲಿ ಮೋಸ ಇರಲಿಲ್ಲ. ಗೊತ್ತಾಗದ ಹಾಗೆ ಮಾಡಿದ್ದೂ ಉಂಟು. ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ 1982ರ ಫೆಬ್ರವರಿ ಸಂಚಿಕೆಯಲ್ಲಿ ಈಜಿಪ್ಟಿನ ಪಿರಮಿಡ್ಡುಗಳ ಅಡ್ಡ ಚಿತ್ರವೊಂದನ್ನು ಉದ್ದನೆಯ ಮುಖಪುಟಕ್ಕೆ ಹೊಂದಿಸಲು ಕಂಪ್ಯೂಟರಿನಲ್ಲಿ ಎರಡು ಪಿರಮಿಡ್ಡುಗಳನ್ನು ಹತ್ತಿರ ಸರಿಸಿ, ಲೋಕದಿಂದೆಲ್ಲ ಬೈಸಿಕೊಂಡಿತು.

ಇನ್ನು, ತಿದ್ದುವುದೆಲ್ಲ ತಪ್ಪೇ? ಅಮೆರಿಕದ ಆ್ಯನ್ಸೆಲ್ ಆ್ಯಡಮ್ಸ್ ಭೂದೃಶ್ಯ ಛಾಯಾಗ್ರಹಣದಲ್ಲಿ ಬಹು ದೊಡ್ಡ ಹೆಸರು. ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಮೇಲೆ ಚಂದ್ರ ಏರುತ್ತಿರುವ ಅವರ ಚಿತ್ರ ಜಗತ್ಪ್ರಸಿದ್ಧ. ಕತ್ತಲೆಕೋಣೆಯಲ್ಲಿ ಅವರು ಅದರ ಆಕಾಶವನ್ನು ಬೇಕೆಂದೇ ಕಪ್ಪಾಗಿಸಿದರು. ನಂತರದ ವರ್ಷಗಳ ಪ್ರಿಂಟುಗಳಲ್ಲಿ ಇನ್ನೂ ಕಪ್ಪಾಗಿಸಿದರು. ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಆದರೆ ಆ ಮಹಾಶಯರಿಗೆ ತಾರೀಖು ಬರೆದಿಡುವ ಅಭ್ಯಾಸ ಕಡಿಮೆ. ಚಿತ್ರ ತೆಗೆದ ವರ್ಷವನ್ನೇ ಒಂದೊಂದು ಕಡೆ ಒಂದೊಂದು ರೀತಿ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ, 1991ರಲ್ಲಿ, ಡೆನಿಸ್ ಡಿ ಚಿಕೋ ಎಂಬ ಖಗೋಳ ಬರಹಗಾರ ಚಿತ್ರದಲ್ಲಿನ ಚಂದ್ರನ ಸ್ಥಾನವನ್ನು ಹಿಡಿದು ಲೆಕ್ಕ ಹಾಕಿದರು. ಉತ್ತರ ಬಂತು: 1941ರ ನವೆಂಬರ್ 1, ಸಂಜೆ 4 ಗಂಟೆ 49 ನಿಮಿಷ!

ಇದನ್ನು ನೆನೆದಾಗಲೇ ನನಗೆ ಹುಡುಗನಿಗೆ ಕೊಡಬೇಕಾದ ಉತ್ತರ ಹೊಳೆದದ್ದು. ಆಕಾಶ ಎಷ್ಟು ಕಪ್ಪಾದರೂ ಚಂದ್ರ ಇದ್ದಲ್ಲೇ ಇದ್ದ. ಅದಕ್ಕೇ ಐವತ್ತು ವರ್ಷದ ನಂತರ ಆ ಚಿತ್ರವನ್ನು ಪ್ರಶ್ನೆ ಕೇಳಿದರೆ ಅದು ಉತ್ತರ ಕೊಟ್ಟಿತು. ನಮ್ಮ ಹುಡುಗನ ಫ್ರೀ ಚಂದ್ರನನ್ನು ಕೇಳಿದರೆ ಏನು ಹೇಳಿಯಾನು?

ಮರುದಿನ ಇಡೀ ತರಗತಿಗೇ ಆ ಚಂದ್ರನನ್ನು ವಿಚಾರಣೆಗೆ ಒಪ್ಪಿಸಿದೆ. ಮೊದಲ ಪ್ರಶ್ನೆ ದಿಕ್ಕಿನದು. ಹುಣ್ಣಿಮೆ ಚಂದ್ರ ಯಾವಾಗಲೂ ಸೂರ್ಯನಿಗೆ ಎದುರು ದಿಕ್ಕಿನಲ್ಲಿರುತ್ತಾನೆ. ಸೂರ್ಯ ಪಶ್ಚಿಮದಲ್ಲಿ ಮುಳುಗುವಾಗ ಅವನು ಪೂರ್ವದಲ್ಲಿ ಏಳಬೇಕು. ಈ ಚಿತ್ರದಲ್ಲಿ ಇಬ್ಬರೂ ಅಕ್ಕಪಕ್ಕ ಸಂಸಾರ ಹೂಡಿದ್ದರು. ಎರಡನೆಯದು ಗಾತ್ರದ್ದು. ಚಂದ್ರ ನಮ್ಮ ಕಣ್ಣಿಗೆ ಕಾಣುವುದು ಸುಮಾರು ಅರ್ಧ ಡಿಗ್ರಿ ಅಗಲ. ಕೈ ನೀಡಿ ಹಿಡಿದ ಕಿರುಬೆರಳಿನ ಅರ್ಧದಷ್ಟು. ಯಾವುದೇ ವಸ್ತು ಚಂದ್ರನಷ್ಟೇ ಅಗಲ ಕಾಣಬೇಕಾದರೆ ಅದು ತನ್ನ ಅಗಲದ ಸುಮಾರು 110 ಪಟ್ಟು ದೂರದಲ್ಲಿರಬೇಕು. ತೆಂಗಿನ ತಲೆ 8 ಮೀಟರ್ ಅಗಲ ಎಂದುಕೊಂಡರೆ ಹೆಚ್ಚುಕಡಿಮೆ 900 ಮೀಟರ್ ಆಚೆ ನಿಂತು ತೆಗೆದಿರಬೇಕು. ಹುಡುಗ ನಿಂತದ್ದು ಮೂವತ್ತು ಹೆಜ್ಜೆ ದೂರದಲ್ಲಿ. ಮಕ್ಕಳು ನಕ್ಕರು. ಅವನೂ ನಕ್ಕ. ಮೂರನೆಯ ತಪ್ಪನ್ನು ಹಿಡಿದವಳು ತೋಟದ ಮನೆಯ ಹುಡುಗಿಯೊಬ್ಬಳು. ಎಐ ನೆಟ್ಟ ಹೊಸ ಮರ ಸಮುದ್ರ ತೀರದ ಮರದಂತೆ ಬಾಗಿ ನಿಂತಿತ್ತು. “ನಮ್ಮ ಕಡೆ ಸಾಲಿನ ಮರ ಹೀಗೆ ನಿಲ್ಲಲ್ಲ ಸಾರ್, ನೆಟ್ಟಗಿರ್ತದೆ” ಎಂದಳು.

ಅಲ್ಲಿಯೇ ವಿಷಯದ ಗುಟ್ಟಿದೆ. ಅಳಿಸಿದ ಜಾಗದ ಹಿಂದೆ ಏನಿತ್ತೆಂದು ಯಂತ್ರಕ್ಕೆ ಗೊತ್ತಿಲ್ಲ. ಲೆನ್ಸಿನೊಳಗೆ ಬಂದ ಬೆಳಕಿನಲ್ಲಿ ಆ ಸುದ್ದಿಯೇ ಇಲ್ಲ. ಲಕ್ಷಾಂತರ ಚಿತ್ರಗಳಿಂದ ಕಲಿತದ್ದನ್ನು ಹಿಡಿದು, ಇಂಥ ಕಡೆ ಸಾಮಾನ್ಯವಾಗಿ ಏನಿರುತ್ತದೆಂದು ಊಹಿಸಿ ತುಂಬುತ್ತದೆ. ಕೆಲವೊಮ್ಮೆ ನಾವು ಕೇಳದಿದ್ದರೂ ತುಂಬುತ್ತದೆ. 2023ರ ಮಾರ್ಚ್‌ನಲ್ಲಿ ಒಬ್ಬಾತ ಚಂದ್ರನ ಚಿತ್ರವೊಂದನ್ನು ಬೇಕೆಂದೇ ಮಸುಕು ಮಾಡಿ, ಕಂಪ್ಯೂಟರಿನ ಪರದೆಯ ಮೇಲೆ ಹಾಕಿ, ದೂರದಿಂದ ಸ್ಯಾಮ್‌ಸಂಗ್ ಫೋನಿನಲ್ಲಿ ತೆಗೆದ. ಪರದೆಯ ಮೇಲೆ ಇಲ್ಲದ ಕುಳಿ, ಕಲೆಗಳು ಫೋನಿನ ಚಿತ್ರದಲ್ಲಿ ಮೂಡಿದ್ದವು. ಚಂದ್ರನನ್ನು ಗುರುತಿಸಿ ವಿವರಗಳನ್ನು ಎಐ ನೆರವಿನಿಂದ ಹೆಚ್ಚಿಸುವ ವ್ಯವಸ್ಥೆ ತನ್ನ ಫೋನಿನಲ್ಲಿದೆ ಎಂದು ಕಂಪನಿಯೇ ವಿವರಿಸಿತು.

ಈಗ ನನ್ನ ಗುಡ್ಡದ ಚಿತ್ರಕ್ಕೆ ಬರುತ್ತೇನೆ. 1994ರಲ್ಲಿ ನನ್ನ ಬಳಿ ಇದ್ದದ್ದು ಸೆಕೆಂಡ್ ಹ್ಯಾಂಡ್ ಆಗ್ಫಾ ಕ್ಲಿಕ್-3 ಕ್ಯಾಮೆರಾ. ರೋಲಿಗೆ ಹನ್ನೆರಡೇ ಚಿತ್ರ. ಚಿಕ್ಕನಾಯಕನಹಳ್ಳಿಗೆ ಹೋಗುವ ದಾರಿಯಲ್ಲಿ ತೋಟವೊಂದರ ಅಂದಕ್ಕೆ ಮರುಳಾಗಿ ಒಂದನ್ನು ಖರ್ಚು ಮಾಡಿದೆ. ಹಿಂದಿದ್ದ ಗುಡ್ಡದ ಸಾಲನ್ನು ನಾನು ಗಮನಿಸಿಯೂ ಇರಲಿಲ್ಲ. ಆಮೇಲೆ ನಮ್ಮ ತಾಲ್ಲೂಕಿನ ಗುಡ್ಡಗಳಿಗೆ ಕಬ್ಬಿಣದ ಅದಿರಿನ ಲಾರಿಗಳು ಬಂದವು. 2011ರಲ್ಲಿ ಬಳ್ಳಾರಿಯ ಬೆನ್ನಿಗೇ ತುಮಕೂರು, ಚಿತ್ರದುರ್ಗ ಜಿಲ್ಲೆಗಳಲ್ಲೂ ಗಣಿಗಾರಿಕೆ ನಿಲ್ಲಿಸಲು ಸುಪ್ರೀಂ ಕೋರ್ಟ್ ಆದೇಶ ಮಾಡುವ ಹೊತ್ತಿಗೆ ಆ ಸಾಲಿನ ನೆತ್ತಿಯ ಆಕಾರವೇ ಬೇರೆಯಾಗಿತ್ತು. ಇಂದು ಮಕ್ಕಳು ‘ಗುಡ್ಡ ಮೊದಲು ಹೇಗಿತ್ತು ಸಾರ್?’ ಎಂದರೆ ತೋರಿಸಲು ನನ್ನಲ್ಲಿರುವುದು ಆ ಮಸುಕು ಚಿತ್ರವೊಂದೇ. ನಾನು ತೆಗೆದದ್ದು ತೋಟವನ್ನು. ಕ್ಯಾಮೆರಾ ನನ್ನನ್ನು ಕೇಳದೆ ಗುಡ್ಡವನ್ನೂ ಉಳಿಸಿಕೊಟ್ಟಿತು.

ಹುಡುಗನಿಗೆ ಹೇಳಿದ್ದು ಇಷ್ಟೇ. “ನಾನು ಪಕ್ಕಕ್ಕೆ ಸರಿದದ್ದರಿಂದ ನನ್ನ ಚಿತ್ರ ಕಡಿಮೆ ಹೇಳುತ್ತದೆ, ನಿಜ. ಅದೂ ಪೂರ್ತಿ ನಿರ್ದೋಷವಲ್ಲ. ಆದರೆ ಹೇಳಿದಷ್ಟು ಅಲ್ಲಿತ್ತು. ನಾನು ನಿಂತಲ್ಲಿ ಆ ದಿನ ನೀನು ಬಂದು ನಿಂತಿದ್ದರೆ ನಿನಗೂ ಅದೇ ಕಾಣುತ್ತಿತ್ತು. ನಿನ್ನ ಚಿತ್ರ ಕಾಣಲು ನಿಮ್ಮ ತೋಟದಲ್ಲಿ ಎಲ್ಲಿ ನಿಲ್ಲಬೇಕು, ಹೇಳು.” ಅವನು ಸುಮ್ಮನಾದ.

ಚಂದದ ಚಿತ್ರ ಬೇಡ ಎಂದು ನಾನು ಹೇಳುತ್ತಿಲ್ಲ. ಬೆಳಕು ಹೆಚ್ಚಿಸಿ, ಅಂಚು ಕತ್ತರಿಸಿ. ಆ್ಯಡಮ್ಸ್ ಮಾಡಿದ್ದೂ ಅಂಥದ್ದನ್ನೇ. ಎಐ ಬಳಸಿ ಕಲ್ಪನೆಯ ತೋಟವನ್ನೇ ಬರೆಯುವುದಾದರೆ ಅದನ್ನು ಚಿತ್ರಕಲೆ ಎಂದು ಕರೆದು ಗೋಡೆಗೆ ಹಾಕಿ. ಸ್ಟುಡಿಯೋದ ಪರದೆಯ ಹಾಗೆ ಎಲ್ಲರಿಗೂ ಗೊತ್ತಿರಲಿ. ಊರಿನ ನೋಟ ಎಂದು ಕೊಡುವಾಗ ಮಾತ್ರ ಇದ್ದದ್ದನ್ನು ತೆಗೆಯಬಾರದು, ಇಲ್ಲದ್ದನ್ನು ತರಬಾರದು. 2020ರಲ್ಲಿ ನಮ್ಮ ರಾಜ್ಯದಲ್ಲಿ ರೈತರೇ ಹೊಲ, ತೋಟದಲ್ಲಿ ನಿಂತು ಫೋಟೋ ತೆಗೆದು ಬೆಳೆ ಸಮೀಕ್ಷೆಯ ಆ್ಯಪಿಗೆ ಹಾಕುವ ಕ್ರಮ ಬಂತು. ನಾಳೆ ಬರ ಬಿದ್ದು ಮರ ಸತ್ತರೆ ಅಪ್ಪನ ಮಾತಿಗೆ ಸಾಕ್ಷಿ ನಿಲ್ಲಬೇಕಾದದ್ದು ಚಿತ್ರವೇ. ಯಾವ ಚಿತ್ರವನ್ನೂ ಯಾರೂ ನಂಬದ ಕಾಲ ಬಂದರೆ ಮೊದಲ ನಷ್ಟ ನಿಜ ಹೇಳುವವನಿಗೆ. ಮನೆಯಲ್ಲಿ ಮಕ್ಕಳು ‘ನೋಡಿ ಎಷ್ಟು ಚೆನ್ನಾಗಿದೆ’ ಎಂದು ಚಿತ್ರ ತೋರಿಸಿದಾಗ ತಂದೆತಾಯಿಗಳು ಹೊಗಳುವುದರ ಜೊತೆಗೆ ‘ಎಲ್ಲಿ ನಿಂತು ತೆಗೆದೆ? ಯಾವ ಹೊತ್ತು?’ ಎಂದೂ ಕೇಳಲಿ.

ಕೊನೆಗೆ ಹುಡುಗ ತಿದ್ದದ ಮೂಲ ಚಿತ್ರವನ್ನು ಫೋನಿನಲ್ಲಿ ತೆಗೆದು ತೋರಿಸಿದ. ಕಪ್ಪು ಗರಿ, ಮಂಕು ಆಕಾಶ, ನಡುವೆ ಅಜ್ಜನ ಬೋಳು ಮರ. ಹಿಗ್ಗಿಸಿ ನೋಡಿದರೆ ಅದರ ತುದಿಯ ಹತ್ತಿರ ಒಂದು ಪೊಟರೆ, ಪೊಟರೆಯ ಬಾಯಲ್ಲಿ ಒಂದು ಹಸಿರು ಚುಕ್ಕೆ. ಗಿಳಿಯೋ, ಅಂಟಿದ ಎಲೆಯೋ ತಿಳಿಯದು. “ಹೋಗಿ ನೋಡು” ಎಂದೆ. ತೇಜಸ್ವಿಯವರ ಹಕ್ಕಿ ಚಿತ್ರಗಳನ್ನು ಕಂಡವರಿಗೆ ಕಾಯುವುದೂ ಛಾಯಾಗ್ರಹಣದ ಭಾಗವೆಂದು ಗೊತ್ತು. ಹುಡುಗ ಎರಡು ಸಂಜೆ ತೋಟದ ಬದುವಿನಲ್ಲಿ ಕೂತ. ಮೂರನೆಯ ಸಂಜೆ ಚಿತ್ರ ಬಂತು. ಕೊಂಚ ಅಲುಗಿದೆ, ಆದರೆ ಕೆಂಪು ಕೊಕ್ಕು ಸ್ಪಷ್ಟವಾಗಿದೆ.

ಅದಕ್ಕೆ ಪ್ರಥಮ ಬಹುಮಾನ ಬರಲಿಲ್ಲ. ಸ್ಪರ್ಧೆಯ ಗಡುವು ಮುಗಿದಿತ್ತು. ಸ್ಥಳ, ದಿನಾಂಕ, ಹೊತ್ತು ಬರೆಸಿ ಪ್ರಯೋಗಾಲಯದ ಗೋಡೆಗೆ ಹಾಕಿದೆ. ಮುಂದಿನ ಸಲ ಬಂದಾಗ ಅವನ ತಂದೆ ಅದರ ಮುಂದೆ ನಿಂತರು. ಈ ಬಾರಿ ದೂರ ಹಿಡಿದು, ಹತ್ತಿರ ಹಿಡಿದು ನೋಡಲಿಲ್ಲ.

“ಬೇಸಿಗೆಗೆ ಆ ಮರ ಕಡಿಸ್ಬೇಕು ಅಂತಿದ್ದೆ ಮೇಷ್ಟ್ರೇ. ಇರ್ಲಿ, ಮರಿ ಹಾರೋಗ್ಲಿ. ಇದರದೊಂದು ಕಾಪಿ ಕೊಡ್ಸಿ. ಅಪ್ಪಂದು ಅಂತ ಇಟ್ಕೋತೀನಿ.”