ಅನ್ನಿಸುವುದಕ್ಕೆ ಎರಡು ಕಾಲಮ್

ಸೂರತ್‌ನಲ್ಲಿರುವ ಅಕ್ಕನ ಮಗ ವಡೋದರಾದಲ್ಲಿ ಎಂ.ಎಸ್ಸಿ. ಓದುತ್ತಾನೆ. ಹೋದ ಚಳಿಗಾಲ ನಾನು ಅಕ್ಕನ ಮನೆಯಲ್ಲಿದ್ದಾಗ, ಪರೀಕ್ಷೆಗೆ ಎರಡು ವಾರ ಇರುವಂತೆ ಬ್ಯಾಗು ಹೊತ್ತು ಬಂದುಬಿಟ್ಟ. ನಿದ್ದೆ ಬರಲ್ಲ, ಪುಸ್ತಕ ತೆರೆದರೆ ಎದೆ ಹೊಡ್ಕೊಳ್ಳುತ್ತೆ ಅಂದ. ಒಂದು ಪೇಪರಿನಲ್ಲಿ ಆಗಲೇ ಎಟಿಕೆಟಿ ಇತ್ತು. ಅಂದರೆ, ಫೇಲಾದರೂ ಮುಂದಿನ ಸೆಮಿಸ್ಟರಿಗೆ ಹೋಗಬಹುದು. ಆ ಪೇಪರು ಮಾತ್ರ ಬೆನ್ನು ಬಿಡುವುದಿಲ್ಲ. ಅಕ್ಕ ಅಲ್ಲಿಯವರಂತೆ 'ಟೆನ್ಶನ್ ನಹೀಂ ಲೇವಾನುಂ' ಅಂದಳು. ಅವನು ಅರ್ಧ ಊಟಕ್ಕೇ ಎದ್ದ.

ಕೌನ್ಸೆಲರ್ ಒಬ್ಬರು ಅವನಿಗೊಂದು ಹಾಳೆ ಕೊಟ್ಟಿದ್ದರು. ಏನಾಯಿತು, ಯಾವ ಯೋಚನೆ ಬಂತು, ಯಾವ ಭಾವನೆ, ಎಷ್ಟು ತೀವ್ರ, ಯೋಚನೆಯ ಪರ ಪುರಾವೆ ಏನು, ವಿರುದ್ಧ ಏನು ಎಂಬ ಕಾಲಮ್‌ಗಳು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ ಚಿಕಿತ್ಸೆಯ ಸಾಧನ ಇದು. ಖಿನ್ನರಾದವರ ತಲೆಯಲ್ಲಿ ಕರೆಯದೇ ಬರುವ, ತಮ್ಮನ್ನೇ ಹಳಿದುಕೊಳ್ಳುವ ಯೋಚನೆಗಳನ್ನು ಆತ ಗಮನಿಸಿದ್ದ. ಅವುಗಳನ್ನು ಹಿಡಿದು ವಿಚಾರಣೆಗೆ ನಿಲ್ಲಿಸುವುದೇ ಈ ಹಾಳೆಯ ಕೆಲಸ.

"ಚಿಕ್ಕಮ್ಮ, ಯೋಚನೆ, ಭಾವನೆ ಎರಡಕ್ಕೂ ಒಂದೇ ಉತ್ತರ ಬರ್ತಿದೆ" ಅಂದ. ನೋಡಿದೆ. ಎರಡರಲ್ಲೂ ಗುಜರಾತಿಯ 'ಲಾಗೇ ಛೇ'. ನಮ್ಮ 'ಅನ್ನಿಸುತ್ತೆ' ಕೂಡ ಹಾಗೇ: 'ಫೇಲಾಗ್ತೀನಿ ಅನ್ನಿಸುತ್ತೆ', 'ಬೇಜಾರು ಅನ್ನಿಸುತ್ತೆ'. ಭಾಷಾಶಾಸ್ತ್ರ ಓದಿದ ನನಗೆ ಅಷ್ಟು ದಿನ ಇದು ಹೊಳೆದಿರಲಿಲ್ಲ. ಕೊನೆಗೆ ಒಂದು ಪರೀಕ್ಷೆ ಮಾಡಿಕೊಂಡೆವು: 'ಇದು ನಿಜವಾ?' ಎಂದು ಕೇಳಬಹುದಾದರೆ ಯೋಚನೆ. ಭಯಕ್ಕೆ ಹಾಗೆ ಕೇಳಲಾಗದು. ಅದು ಇದೆ, ಅಷ್ಟೆ.

'ನನ್ನ ಕೈಲಿ ಏನೂ ಆಗಲ್ಲ' ಮೊದಲ ಕಾಲಮ್ಮಿಗೆ ಹೋಯಿತು. 'ಭಯ, 90' ಎರಡನೆಯದಕ್ಕೆ. ಪರ ಪುರಾವೆ: ಒಂದು ಪೇಪರು. ವಿರುದ್ಧ: ಪಾಸಾದ ಉಳಿದೆಲ್ಲ ಪೇಪರು. ಹೊಸ ವಾಕ್ಯ ಅವನೇ ಬರೆದ: 'ಈ ಪೇಪರು ಕಷ್ಟ. ಇನ್ನೊಮ್ಮೆ ಬರೀಬೇಕಾಗಬಹುದು.' ಇನ್ನಷ್ಟು ಧೈರ್ಯದ ಮಾತು ಬರೆಯೋ ಅಂದೆ. "ಅದೂ ಸುಳ್ಳಾಗುತ್ತೆ ಚಿಕ್ಕಮ್ಮ" ಅಂದ. ಭಯ 60ಕ್ಕೆ ಇಳಿದಿತ್ತು. ಮೂರನೇ ದಿನ ವಡೋದರಾಗೆ ಹೊರಟ.

ಹಾಳೆ ಸಿಲೆಬಸ್ಸನ್ನು ಕಡಿಮೆ ಮಾಡುವುದಿಲ್ಲ, ಫೀಸನ್ನೂ. ಬದುಕೇ ಬೇಡ ಅನ್ನಿಸಿದರಂತೂ ಒಬ್ಬರೇ ಹಾಳೆ ಹಿಡಿದು ಕೂರಬಾರದು. 2022ರಲ್ಲಿ ಶುರುವಾದ ಟೆಲಿ ಮಾನಸ್ 14416, ಅಹಮದಾಬಾದಿನಿಂದ ಮಾಡಿದರೂ ಧಾರವಾಡದಿಂದ ಮಾಡಿದರೂ ಉಚಿತ.

ಆ ಪೇಪರಿನಲ್ಲಿ ಅವನು ಮತ್ತೆ ಫೇಲಾದ. ನಾನು ಹೆದರಿಕೊಂಡೇ ಫೋನ್ ಮಾಡಿದೆ. "ಪರ ಪುರಾವೆಯಲ್ಲಿ ಒಂದು ಸಾಲು ಜಾಸ್ತಿ ಆಯ್ತು ಚಿಕ್ಕಮ್ಮ," ಅಂದ, "ಉಳಿದ ಸಾಲು ಹಾಗೇ ಇವೆ."