ಮನೆ ಬಟ್ಟೆ

ಮಗಳು ಬೆಂಗಳೂರಿನಿಂದ ನನ್ನ ಮೊಬೈಲಿಗೆ ಒಂದು ಪಟ್ಟಿ ಕಳಿಸಿದ್ದಳು. ಹುಟ್ಟುವ ಮಗುವಿಗೆ ಬೇಕಾದ ಸಾಮಾನು, ಒಟ್ಟು 68. ಹಾಲಿನ ಬಾಟಲಿ ಆರು, ಬಾಟಲಿ ಕುದಿಸುವ ಯಂತ್ರ ಒಂದು, ದಿಂಬಿನ ಸೆಟ್ಟು, ಕೈಗವಸು, ಕಾಲ್ಚೀಲ, ತಲೆಯ ಮೇಲಿಂದ ತೊಡಿಸುವ ಅಂಗಿ ಹನ್ನೆರಡು, ಸ್ನಾನದ ಟಬ್ಬು, ಟಬ್ಬಿನೊಳಗೆ ಕಟ್ಟುವ ಬಲೆ. ಕೊನೆಗೆ ಬರೆದಿದ್ದಳು: "ಅಮ್ಮಾ, ಇದರಲ್ಲಿ ಯಾವುದು ಬೇಕೇ ಬೇಕು ಅಂತ ನೀನೇ ಗುರುತು ಹಾಕು. ನೋಡಿ ನೋಡಿ ನನಗೆ ಏನೂ ತೋಚ್ತಾ ಇಲ್ಲ." ಅವಳಿಗೆ ಎಂಟರಲ್ಲಿ ನಡೆಯುತ್ತಿದೆ. ಆಷಾಢದ ಕೊನೆಗೆ ದಿನ ಕೊಟ್ಟಿದ್ದಾರೆ. ಚೊಚ್ಚಲ ಬಾಣಂತನ, ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲೇ.

ಪಟ್ಟಿಯನ್ನು ಅತ್ತೆಗೆ ಓದಿ ಹೇಳಿದೆ. ಅವರಿಗೀಗ 86. ಹತ್ತನೆಯದಕ್ಕೆ ಬರುವಷ್ಟರಲ್ಲಿ ಕೈ ಅಡ್ಡ ಹಿಡಿದರು. "ನಿಲ್ಸು ಮಾರಾಯ್ತಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಸ್ತಾರಾ?"

ಆತುರದವರನ್ನು ಕಂಡಾಗ ನಾವೆಲ್ಲ ಆಡುವ ಗಾದೆ ಇದು. ಅತ್ತೆ ಅದನ್ನು ಗಾದೆಯಾಗಿ ಆಡಲಿಲ್ಲ. ಕೂಸು ಅಂದರೆ ಕೂಸು, ಕುಲಾವಿ ಅಂದರೆ ಕುಲಾವಿ. ಅವರು ಏಳು ಹೆತ್ತವರು, ಉಳಿದದ್ದು ಐದು. 1971ರಲ್ಲಿ ಈ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಅತ್ತೆಯ ಮೊದಲ ಹೆರಿಗೆಗಳು ಅದಕ್ಕೂ ಹಿಂದಿನವು. 2020ರ ಹೊತ್ತಿಗೆ ಆ ಸಂಖ್ಯೆ 28ಕ್ಕೆ ಇಳಿದಿದೆ, ನಮ್ಮ ರಾಜ್ಯದಲ್ಲಿ 19ಕ್ಕೆ. ಸಂಖ್ಯೆ ಇಳಿಯಿತೆಂದು ಅತ್ತೆಯ ಭಯ ಇಳಿಯಬೇಕೆಂದೇನೂ ಇಲ್ಲ. ಮಗು ಹುಟ್ಟುವ ಮುಂಚೆ ಏನೂ ತರಬಾರದು ಅನ್ನುವುದು ಮೂಢನಂಬಿಕೆ ಎಂದು ಹೊಸದಾಗಿ ಮದುವೆಯಾಗಿ ಬಂದಾಗ ನಾನು ವಾದಿಸಿದ್ದೆ. ಈಗ ವಾದಿಸುವುದಿಲ್ಲ. ತೊಡಿಸಲು ಮಗುವಿಲ್ಲದ ಅಂಗಿಯನ್ನು ಮಡಚಿ ಪೆಟ್ಟಿಗೆಗೆ ಹಾಕಿದ ಹೆಂಗಸರು ಕಟ್ಟಿಕೊಂಡ ಕಟ್ಟಳೆ ಅದು.

ಆದರೆ ನಮ್ಮ ಕಡೆಯ ಆಷಾಢಕ್ಕೆ ಯಾವ ಕಟ್ಟಳೆಯೂ ಇಲ್ಲ. ಮಳೆ ಹಿಡಿದರೆ ಹತ್ತು ದಿನ ಬಿಸಿಲೇ ಇರುವುದಿಲ್ಲ. ಮರ ಬಿದ್ದು ರಸ್ತೆ ಕಟ್ಟುತ್ತದೆ, ಕರೆಂಟು ಹೋದರೆ ಎಂದು ಬಂದೀತೆಂದು ಹೇಳಲು ಬರುವುದಿಲ್ಲ. ಮಗು ಹುಟ್ಟಿದ ಮೇಲೆ ಪೇಟೆಗೆ ಹೋಗಿ ತಂದರಾಯಿತು ಎಂದು ಕೂರುವ ಊರಲ್ಲ ಇದು. ಅತ್ತೆಗೂ ಅದು ಗೊತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ದಾರಿ ತೋರಿಸಿದರು. "ಹಳೇ ಪಂಚೆ ಇದಾವಲ್ಲ, ಹರಿದು ಒಗೆದು ಇಡು. ಕೂಸಿಂದು ಅನ್ಬೇಡ. ಮನೆ ಬಟ್ಟೆ ಅನ್ನು."

ಅಂದಿನಿಂದ ನಮ್ಮ ಮನೆಯಲ್ಲಿ ಮನೆ ಬಟ್ಟೆಯ ಕೆಲಸ ನಡೆದಿದೆ.

ಒಂದು ಪಂಚೆಗೆ ಎಂಟು ತುಂಡು ಬರುತ್ತವೆ. ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು. ಅಂಚಿನಲ್ಲಿ ಕತ್ತರಿಯಿಂದ ಒಂದು ಕಚ್ಚು ಹಾಕಿ ಎಳೆದರೆ ಸಾಕು, ಹತ್ತು ವರ್ಷ ಒಗೆಸಿಕೊಂಡ ನೂಲು ನೆಟ್ಟಗೆ ಸೀಳಿಕೊಂಡು ಹೋಗುತ್ತದೆ. ಹರಿದ ಅಂಚನ್ನು ಹೊಲಿಯಬಾರದು, ಹೊಲಿಗೆಯ ಗಂಟು ತೊಡೆಯ ಸಂದಿಯಲ್ಲಿ ಉಜ್ಜುತ್ತದೆ. ಹೊಲಿಯದೆ ಬಿಟ್ಟರೆ ಎಳೆ ಬಿಚ್ಚಿಕೊಳ್ಳುತ್ತದೆ. ಅದಕ್ಕೇ ಒಂದು ಸಲ ಒಗೆದು ಒಣಗಿಸಿ, ಕಿಟಕಿಯ ಹತ್ತಿರ ಕೂತು, ನಾಲ್ಕೂ ಅಂಚಿನ ಸಡಿಲ ಎಳೆಗಳನ್ನು ಒಂದೊಂದಾಗಿ ಕೀಳಬೇಕು. ಆಮೇಲೆ ಮತ್ತೆ ಒಗೆಯಬೇಕು. ಎರಡನೇ ಸಲ ಕಿತ್ತ ಮೇಲೆ ಅಂಚು ನಿಲ್ಲುತ್ತದೆ.

ಎಳೆಯ ವಿಷಯದಲ್ಲಿ ನಾನು ಇಷ್ಟು ಹಟ ಮಾಡುವುದಕ್ಕೆ ಕಾರಣವಿದೆ. 1994ರಲ್ಲಿ ಇದೇ ಮಗಳು ಹುಟ್ಟಿ ತಿಂಗಳೂ ಆಗಿರಲಿಲ್ಲ. ಒಂದು ಸಂಜೆ ಅಳುವುದಕ್ಕೆ ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಹಾಲು ಕೊಟ್ಟೆ, ಬಟ್ಟೆ ಬದಲಿಸಿದೆ, ಎತ್ತಿಕೊಂಡು ಜಗುಲಿಯಲ್ಲಿ ತಿರುಗಿದೆ. ಹೊಟ್ಟೆನೋವು ಅಂದರು, ದೃಷ್ಟಿ ಅಂದರು. ಒಂದು ಗಂಟೆಯ ಮೇಲೆ ನನ್ನ ಅಮ್ಮ ಅವಳನ್ನು ದೀಪದ ಕೆಳಗೆ ಮಲಗಿಸಿ ಮೈಮೇಲಿನದನ್ನೆಲ್ಲ ಬಿಚ್ಚಿದಳು. ಉಣ್ಣೆಯ ಕಾಲ್ಚೀಲದ ಒಳಗಿನ ಒಂದು ಎಳೆ ಎಡಗಾಲಿನ ಎರಡನೇ ಬೆರಳಿಗೆ ಸುತ್ತಿಕೊಂಡಿತ್ತು. ಬೆರಳು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಬಾತುಕೊಂಡು, ಎಳೆ ಚರ್ಮದೊಳಗೆ ಹೂತುಹೋಗಿತ್ತು. ಅಮ್ಮ ಸೂಜಿಯ ಹಿಂಬದಿಯಿಂದ ಎಳೆಯನ್ನು ಎತ್ತಿ ಕತ್ತರಿಸಿದಳು. ಬೆರಳಿಗೆ ಕೆಂಪು ಮರಳುವವರೆಗೆ ನಾವಿಬ್ಬರೂ ಮಾತಾಡಲಿಲ್ಲ. ಮಗಳ ಪಟ್ಟಿಯಲ್ಲಿದ್ದ ಕೈಗವಸಿಗೆ ನಾನು ಅಡ್ಡಗೆರೆ ಎಳೆದದ್ದು ಆ ಬೆರಳನ್ನು ನೆನೆದು. ಕಾಲ್ಚೀಲ ಎರಡು ಜೊತೆ ಇರಲಿ, ಒಳಮಗ್ಗುಲನ್ನು ಹೊರಗೆ ತಿರುಗಿಸಿ ನೋಡಿಯೇ ತೊಡಿಸಬೇಕು.

ಪಂಚೆ ಬಿಳಿ ಇರಬೇಕು ಎಂದು ಅಮ್ಮ ಹೇಳುತ್ತಿದ್ದಳು. ಯಾಕೆಂದು ತಿಳಿದದ್ದು ಬಾಣಂತನ ಮಾಡಿಸಿಕೊಂಡ ಮೇಲೆ. ಮಗುವಿನ ಹೊಟ್ಟೆಯ ಸುದ್ದಿಯನ್ನೆಲ್ಲ ಬಿಳಿ ಬಟ್ಟೆ ಹೇಳುತ್ತದೆ. ಮೊದಲೆರಡು ದಿನ ಕಕ್ಕ ಡಾಂಬರಿನಂತೆ ಕಪ್ಪು, ಆಮೇಲೆ ಹಸಿರು, ನಾಲ್ಕೈದನೇ ದಿನಕ್ಕೆ ಅರಿಸಿನದ ಹಳದಿ. ಹಾಗಾದರೆ ಹಾಲು ಒಳಗೆ ಹೋಗುತ್ತಿದೆ ಎಂದು ಅರ್ಥ. ಐದು ದಿನ ಕಳೆದ ಮೇಲೆ ಹಗಲು ರಾತ್ರಿ ಸೇರಿ ಆರು ಬಟ್ಟೆಯಾದರೂ ಚೆನ್ನಾಗಿ ಒದ್ದೆಯಾಗಬೇಕು. ಉಚ್ಚೆ ಬಟ್ಟೆಗೆ ಗಾಢ ಹಳದಿ ಕಲೆ ಹಿಡಿಸಿದರೆ, ಕಕ್ಕ ಬಿಳಿಚಿಕೊಂಡರೆ, ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಹಾಲು ಸಾಲುತ್ತಿದೆಯೋ ಇಲ್ಲವೋ ಎಂದು ಕಂಗಾಲಾಗುವ ಹೊಸ ತಾಯಿಗೆ ಇಷ್ಟು ನೇರವಾದ ಉತ್ತರ ಕೊಡುವ ಸಾಮಾನು ಆ 68ರಲ್ಲಿ ಇನ್ನೊಂದಿರಲಿಲ್ಲ. ಡೈಪರು ಬೇಡವೆಂದಲ್ಲ. ಆಸ್ಪತ್ರೆಯಿಂದ ಬರುವ ದಾರಿಗೆ, ತೀರಾ ಮಳೆ ಹಿಡಿದ ರಾತ್ರಿಗೆ ಒಂದು ಸಣ್ಣ ಪ್ಯಾಕೆಟ್ಟು ಇರಲಿ ಎಂದಿದ್ದೇನೆ. ಆದರೆ ಅದು ಎಲ್ಲವನ್ನೂ ಹೀರಿ ಒಳಗಿಟ್ಟುಕೊಳ್ಳುತ್ತದೆ. ಎಷ್ಟು ಸಲ, ಎಂಥ ಬಣ್ಣ ಎಂದು ಕೇಳಿದರೆ ಹೇಳಲು ಕಷ್ಟ.

ಬಟ್ಟೆ ಕಟ್ಟುವುದೂ ಒಂದು ವಿದ್ಯೆ. ಸೊಂಟದ ಉಡಿದಾರಕ್ಕೆ ಹಿಂದೆ ಮುಂದೆ ಸಿಕ್ಕಿಸುವುದು ಹಳೆಯ ಕ್ರಮ. ಹೊಕ್ಕುಳ ಬಳ್ಳಿ ಬೀಳುವವರೆಗೆ ಅದರ ಕೆಳಗೇ ಮಡಚಿ ಕಟ್ಟಬೇಕು, ಬಳ್ಳಿಗೆ ಗಾಳಿಯಾಡಬೇಕು, ಒಣಗಿರಬೇಕು. ಬೂದಿ, ಎಣ್ಣೆ, ಅರಿಸಿನ ಯಾವುದನ್ನೂ ಸೋಕಿಸುವುದಿಲ್ಲ ಎಂದು ಅತ್ತೆಯಿಂದ ಈಗಲೇ ಮಾತು ತೆಗೆದುಕೊಂಡಿದ್ದೇನೆ.

ಮಾತು ತೆಗೆದುಕೊಳ್ಳಲು ಕಷ್ಟವಾದದ್ದು ಜೇನುತುಪ್ಪದ ವಿಷಯದಲ್ಲಿ. ಮಲೆನಾಡಿನ ಮನೆ, ಶೀಶೆಯಲ್ಲಿ ತುಡುವೆ ಜೇನು ಇಲ್ಲದ ವರ್ಷವಿಲ್ಲ. ಹುಟ್ಟಿದ ಮಗುವಿನ ನಾಲಿಗೆಗೆ ಒಂದು ತೊಟ್ಟು ಮುಟ್ಟಿಸುವುದು ಅವರ ಪಾಲಿಗೆ ಆಶೀರ್ವಾದ. ವರ್ಷದೊಳಗಿನ ಮಗುವಿನ ಕರುಳಿನಲ್ಲಿ ಜೇನಿನೊಳಗಿನ ಒಂದು ರೋಗಾಣು ಮೊಳೆತು ವಿಷ ಕಾರಬಹುದು, ದೊಡ್ಡವರಿಗೆ ಏನೂ ಮಾಡದ್ದು ಮಗುವಿನ ಕೈಕಾಲಿನ ಶಕ್ತಿಯನ್ನೇ ತೆಗೆಯಬಹುದು ಎಂದು ವಿವರಿಸಿದೆ. ಅವರು ಒಪ್ಪಿದರೋ, ನನಗಾಗಿ ಸುಮ್ಮನಾದರೋ ತಿಳಿಯದು. "ಸರಿ, ವರ್ಷ ತುಂಬಿದ ಮೇಲೆ ನಾನೇ ನೆಕ್ಕಿಸ್ತೀನಿ, ಅಷ್ಟರವರೆಗೆ ಇರ್ತೀನಿ ಬಿಡು" ಅಂದರು.

ಅತ್ತೆಯ ರಾಗಿ ದಿಂಬೂ ಮಗಳ ಪಟ್ಟಿಯ ದಿಂಬಿನ ಸೆಟ್ಟೂ ಒಟ್ಟಿಗೇ ಹೊರಗೆ ಹೋದವು. ಮಗುವನ್ನು ಮಟ್ಟಸವಾದ ಹಾಸಿಗೆಯ ಮೇಲೆ ಅಂಗಾತ ಮಲಗಿಸಬೇಕು, ಮುಖದ ಹತ್ತಿರ ಮೆತ್ತಗಿನದು ಏನೂ ಇರಬಾರದು.

ಬಾಟಲಿಯ ವಿಷಯಕ್ಕೆ ಮಗಳ ಹತ್ತಿರ ದೀರ್ಘವಾಗಿ ಮಾತಾಡಿದೆ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರೂ ಬೇಡ. ಹಾಲಿನ ಪುಡಿಗೂ ಬಾಟಲಿಗೂ ಜಾಹೀರಾತು ಕೊಡುವುದನ್ನೇ ನಮ್ಮ ದೇಶದಲ್ಲಿ 1992ರ ಕಾನೂನು ನಿಷೇಧಿಸಿದೆ ಎಂದಾಗ ಅವಳಿಗೆ ಆಶ್ಚರ್ಯವಾಯಿತು. ಕೆಲವು ತಾಯಂದಿರಿಗೆ ಪುಡಿ ಬೇಕಾಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದು ಡಾಕ್ಟರು ನೋಡಿ ಹೇಳಬೇಕಾದ ಮಾತು, ಎಂಟನೇ ತಿಂಗಳಿಗೇ ಆರು ಬಾಟಲಿ ತಂದಿಟ್ಟರೆ ಹಾಲು ಸಾಲದು ಎಂದು ಮೊದಲೇ ತೀರ್ಮಾನಿಸಿದಂತೆ. ಹಿಂಡಿದ ಹಾಲನ್ನು ಕುಡಿಸುವ ಪ್ರಸಂಗ ಬಂದರೆ ನಮ್ಮಲ್ಲಿ ಬೆಳ್ಳಿಯ ಒಳಲೆ ಇದೆ. ಚೀಪಲು ತ್ರಾಣವಿಲ್ಲದ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ಆಸ್ಪತ್ರೆಗಳಲ್ಲಿ ಹಾಲು ಕುಡಿಸುವುದು ಇಂಥದ್ದರಲ್ಲೇ, ತಮಿಳಿನ ಪಾಲಾಡೈ ಎಂಬ ಹೆಸರಿನಲ್ಲಿ. ಬಾಟಲಿಯಂತೆ ಇಕ್ಕಟ್ಟಾದ ಕತ್ತಿಲ್ಲ, ರಬ್ಬರಿನ ತೊಟ್ಟಿಲ್ಲ, ಕೊಳೆ ಅಡಗಲು ಮೂಲೆಯೇ ಇಲ್ಲ. ಕುದಿಯುವ ನೀರಿಗೆ ಹಾಕಿ ತೆಗೆದರೆ ಮುಗಿಯಿತು.

ಇಷ್ಟೆಲ್ಲ ಗುರುತು ಹಾಕುತ್ತಿದ್ದಾಗ ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆಯೇ ಒಂದು ನೆನಪು. ನಮ್ಮ ತೋಟದ ಕೆಲಸಕ್ಕೆ ಬರುವವರ ಮಗಳು ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತು ಬರುವಾಗ ಒಂದು ಚೀಲ ತಂದಿದ್ದಳು. ಬಡ ಕುಟುಂಬದ ಬಾಣಂತಿಯರಿಗೆಂದು ರಾಜ್ಯ ಸರ್ಕಾರ 2007ರಲ್ಲಿ ಶುರುಮಾಡಿದ ಮಡಿಲು ಯೋಜನೆಯ ಕಿಟ್ಟು, 19 ಸಾಮಾನು. ನೋಡಲು ಹೋದಾಗ ಅವಳು ಚೀಲ ಬಿಚ್ಚಿ ಚಾಪೆಯ ಮೇಲೆ ಹರಡಿದ್ದಳು. ಮಗುವಿನ ಸ್ವೆಟರು, ಟೋಪಿ, ರಬ್ಬರ್ ಶೀಟು, ಸೊಳ್ಳೆಪರದೆ ಇದ್ದವು. ಅವುಗಳ ಪಕ್ಕದಲ್ಲೇ ತಾಯಿಗೆ ಹೊಟ್ಟೆ ಕಟ್ಟುವ ಬಟ್ಟೆ, ಪ್ಯಾಡು, ಸೋಪು, ಬಾಚಣಿಗೆ, ಕೊಬ್ಬರಿ ಎಣ್ಣೆ. ಬಾಚಣಿಗೆಯನ್ನು ಅವಳು ಆಗಲೇ ತಲೆಗೆ ಸಿಕ್ಕಿಸಿಕೊಂಡಿದ್ದಳು. ಹೆತ್ತವಳ ತಲೆಯೂ ಸಿಕ್ಕುಗಟ್ಟುತ್ತದೆ ಎಂದು ಯಾವುದೋ ಕಚೇರಿಯಲ್ಲಿ ಕೂತ ಯಾರಿಗೋ ಹೊಳೆದಿತ್ತಲ್ಲ ಎಂದು ಅವತ್ತು ಮನಸ್ಸು ತುಂಬಿ ಬಂತು.

ಮಗಳ ಪಟ್ಟಿಯನ್ನು ಮತ್ತೆ ಮೇಲಿಂದ ಕೆಳಗೆ ಓದಿದೆ. 68ರಲ್ಲಿ ಅವಳಿಗೆಂದು ಒಂದೂ ಇರಲಿಲ್ಲ.

ಅವಳಿಗೆ ಬೇಕಾದದ್ದನ್ನು ನಾನು ಬರೆದೆ. ಮುಂದೆ ಬಿಚ್ಚುವ ಹತ್ತಿಯ ನೈಟಿ ನಾಲ್ಕು. ಪ್ಯಾಡು ಮೂರು ಪ್ಯಾಕೆಟ್ಟು. ಕೂತು ಹಾಲು ಕೊಡಲು ಬೆನ್ನಿಗೊಂದು ಗಟ್ಟಿ ದಿಂಬು. ರಾತ್ರಿ ಕೈಗೆಟಕುವಲ್ಲಿ ಬಿಸಿನೀರಿನ ಫ್ಲಾಸ್ಕು. ಕರೆಂಟು ಹೋದರೆ ಚಾರ್ಜಿನ ದೀಪ. ತಾಯಿ ಕಾರ್ಡು ಮತ್ತು ಸ್ಕ್ಯಾನಿಂಗ್ ಕಾಗದಗಳಿಗೆ ನೀರಿಳಿಯದ ಒಂದು ಚೀಲ. ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ. ಮಗುವಿಗೆ ಕೊಳ್ಳಲು ಉಳಿದದ್ದು ಹೆಚ್ಚೇನಿಲ್ಲ: ರಬ್ಬರ್ ಶೀಟು ಎರಡು, ಕೊಡೆಯಂತೆ ಬಿಚ್ಚುವ ಸೊಳ್ಳೆಪರದೆ, ಜ್ವರ ನೋಡುವ ಥರ್ಮಾಮೀಟರು, ಕಾಲ್ಚೀಲ, ಆ ಸಣ್ಣ ಪ್ಯಾಕೆಟ್ಟು ಡೈಪರು. ಕುಲಾವಿಯ ಗುರುತನ್ನು ಖಾಲಿ ಬಿಟ್ಟಿದ್ದೇನೆ.

ಚಳಿಗೆ ಏನು ಮಾಡುವುದು ಎಂದು ಅವಳು ಕೇಳಿದಳು, ಕೋಣೆ ಬೆಚ್ಚಗೆ ಮಾಡುವ ಯಂತ್ರವೂ ಪಟ್ಟಿಯಲ್ಲಿತ್ತು. 1978ರಲ್ಲಿ ಕೊಲಂಬಿಯಾದ ಬೊಗೋಟಾ ನಗರದ ಒಂದು ಆಸ್ಪತ್ರೆಯಲ್ಲಿ ಎಳೆಗೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಸಾಲದಾದಾಗ ಎಡ್ಗರ್ ರೇ ಎಂಬ ವೈದ್ಯರು ಕೂಸುಗಳನ್ನು ತಾಯಂದಿರ ಬರಿಯ ಎದೆಗೆ ಒರಗಿಸಿ ಕಟ್ಟಿಸಿದರು. ಇವತ್ತು ಅದನ್ನು ಜಗತ್ತೇ ಒಪ್ಪಿದೆ. ನಿನ್ನ ಮೈ, ಅದರ ಮೈ, ಮೇಲೊಂದು ಕಂಬಳಿ, ಅಷ್ಟು ಸಾಕು ಅಂದೆ. ಅವಳು ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅದನ್ನ ಪಟ್ಟಿಗೆ ಸೇರಿಸ್ಕೊಳ್ತೀನಿ ಅಮ್ಮ" ಅಂದಳು.

ಜೀಪು ಇರುವ ಪಕ್ಕದ ಮನೆಯವರಿಗೆ ಹೇಳಿಟ್ಟಿದ್ದೇನೆ. ಆಷಾಢ ಪೂರ್ತಿ ಡೀಸೆಲ್ ತುಂಬಿಸಿಯೇ ಇಡುತ್ತೇವೆ ಅಂದರು. ಮರ ಕೊಯ್ಯುವ ಗರಗಸವನ್ನೂ ಹಿಂದೆ ಹಾಕಿಕೊಳ್ಳುತ್ತಾರಂತೆ. ಆ ಮನೆಯಾಕೆ ಮೊನ್ನೆ ಮಳೆಯಲ್ಲೇ ಬಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿದ ಗಂಟೊಂದನ್ನು ಜಗುಲಿಯ ಮೇಲಿಟ್ಟರು. ಮೊಮ್ಮಗ ತೊಟ್ಟು ಬಿಟ್ಟ ಜಬಲಾಗಳು, ಎದೆಯ ಮೇಲೆ ಲಾಡಿ ಕಟ್ಟುವಂಥವು, ಎಂಟೋ ಒಂಬತ್ತೋ. ಕತ್ತು ನಿಲ್ಲದ ಮಗುವಿಗೆ ತಲೆಯ ಮೇಲಿಂದ ಅಂಗಿ ಎಳೆಯುವ ಪಾಡಿಲ್ಲ. ಚೆನ್ನಾಗಿ ಬೆಳೆದ ಮಗುವಿನ ಹಳೆಯ ಅಂಗಿಯನ್ನೇ ಮೊದಲು ತೊಡಿಸಬೇಕು ಎನ್ನುವುದು ನಮ್ಮ ರೂಢಿ. ಅತ್ತೆ ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ ಪಕ್ಕಕ್ಕಿಟ್ಟರು. ಯಾರಿಗೆಂದು ಯಾರೂ ಹೇಳಲಿಲ್ಲ.

ಇನ್ನು ಎಷ್ಟು ಬಟ್ಟೆ ಬೇಕು ಎಂಬ ಲೆಕ್ಕ. ಉಚ್ಚೆ, ಕಕ್ಕ ಎಲ್ಲ ಸೇರಿ ದಿನಕ್ಕೆ ಇಪ್ಪತ್ತರವರೆಗೂ ಬದಲಿಸಬೇಕಾಗುತ್ತದೆ. ಒಣಗಲು ಎರಡು ದಿನವಾದರೆ ಒಂದು ಲೆಕ್ಕ, ಮೂರು ದಿನವಾದರೆ ಇನ್ನೊಂದು. ಏಳು ಪಂಚೆ ಹರಿದಿದ್ದೇನೆ, 56 ಆಗಿವೆ. ಬಚ್ಚಲ ಒಲೆಯ ಮೇಲಿನ ಗಳಕ್ಕೆ ಸೋಮವಾರ ನಾಲ್ಕು ತುಂಡು ಒಗೆದು ಹರಡಿ ಪರೀಕ್ಷೆಗಿಟ್ಟೆ. ಹಂಡೆಗೆ ಬೆಳಗ್ಗೆ ಸಂಜೆ ಬೆಂಕಿ ಬಿದ್ದಿದೆ. ಬುಧವಾರ ಸಂಜೆ ಹೋಗಿ ಮುಟ್ಟಿ ನೋಡಿದೆ. ನಡುವೆ ಒಣಗಿತ್ತು, ಅಂಚಿನಲ್ಲಿ ಇನ್ನೂ ತೇವ. ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಆಗುತ್ತದೆ, ಆದರೆ ಕರೆಂಟು ನಂಬಿ ಲೆಕ್ಕ ಹಾಕಬಾರದು.

ಮೂರನ್ನು ಮಗುಚಿ ಹಾಕಿದೆ. ಒಂದನ್ನು ಕೈಯಲ್ಲಿ ಹಿಡಿದು ಒಳಗೆ ಬಂದೆ. "ಮೂರು ದಿನ ಬೇಕು ಅತ್ತೆ. ಇನ್ನೂ ಒಂದು ಪಂಚೆ ಹರೀಬೇಕು."

"ಹರಿ," ಅಂದರು ಅತ್ತೆ. "ಕತ್ತರಿ ಕಿಟಕಿ ಹತ್ರ ಇದೆ."